ಮೊಮ್ಮಗಳ ಪರಿಚಯವಿಲ್ಲದ ಒಂದು ದಿನ

ಕೆಲವರಿಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಕೆಲವರಿಗೆ ದುಡ್ಡು ಜೇಬಿನಲ್ಲಿ ನಿಲ್ಲುವುದಿಲ್ಲ. ನನಗೆ ಇವೆರಡೂ ತಕ್ಕಮಟ್ಟಿಗೆ ನಿಲ್ಲುತ್ತವೆ. ನಿಲ್ಲದೇ ಇರುವುದು ಸಂತೋಷ ಒಂದೇ. ದುಃಖವನ್ನಾದರೆ ನಾನು ವರ್ಷಗಟ್ಟಲೆ ಇಟ್ಟುಕೊಳ್ಳಬಲ್ಲೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೂ ಕೂತೂ ಬಂದ ಮಂಡಿನೋವನ್ನು ನಾಲ್ಕು ವರ್ಷ ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದೆ. ಆದರೆ ಒಳ್ಳೆಯ ಸುದ್ದಿ ಒಂದು ಕಿವಿಗೆ ಬಿತ್ತೋ, ಅದು ಇನ್ನೊಬ್ಬರ ಕಿವಿಗೆ ಹೋಗುವ ತನಕ ನನಗೆ ಅನ್ನ ಇಳಿಯುವುದಿಲ್ಲ. ಅದರಲ್ಲೂ ಸುದ್ದಿ ನನ್ನ ಮೊಮ್ಮಗಳು ಮಂಜುಳಂದಾದರೆ ಇನ್ನೊಬ್ಬರು ಯಾರಾದರೂ ಸರಿ, ಗುರುತಿನವರೇ ಆಗಬೇಕು ಅಂತಿಲ್ಲ.

ಮಂಜುಳ ಎಸ್ಸೆಸ್ಸೆಲ್ಸಿ ಪಾಸಾದ ದಿನ ನಾನು ಚಳ್ಳಕೆರೆಯಲ್ಲಿ ಕಂಬಳಿ ಮಾರಿ ಬಿ.ಜಿ. ಕೆರೆಗೆ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ಕಂಡಕ್ಟರು ಟಿಕೆಟ್ ಅಂದ. ನಾನು ಮಂಜುಳ ಅಂದೆ. ಅಲ್ಲಿಂದ ಶುರುವಾದದ್ದು, ಅವಳು ಗಣಿತದಲ್ಲಿ ತೆಗೆದ ನಂಬರು, ವಿಜ್ಞಾನದಲ್ಲಿ ತೆಗೆದ ನಂಬರು, ಹುಟ್ಟಿದಾಗ ಮೂರು ದಿನ ಕಣ್ಣೇ ಬಿಡದೆ ನಮ್ಮನ್ನೆಲ್ಲ ಹೆದರಿಸಿದ್ದು, ಎಲ್ಲಾ ಹೇಳಿದೆ. ಆತ ಪುಣ್ಯಾತ್ಮ, ಬಾಯಿ ತೆರೆದುಕೊಂಡು ಕೇಳಿದ. ಕೇಳುತ್ತಾ ಕೇಳುತ್ತಾ ನಡುವಿನ ಸ್ಟಾಪುಗಳಲ್ಲಿ ಹತ್ತಿದವರಿಗೆ ಟಿಕೆಟ್ ಹರಿಯುವುದನ್ನೇ ಮರೆತ. ಮುಂದಿನ ಸ್ಟಾಪಿನಲ್ಲಿ ಚೆಕಿಂಗಿನವರು ಹತ್ತಿದರು. ಆ ಕಂಡಕ್ಟರು ಈಗಲೂ ನನ್ನನ್ನು ಕಂಡರೆ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.

ಇಂಥ ನನಗೆ ಒಂದು ದಿನ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ, ಮಂಜುಳ ಯಾರೋ ನನಗೆ ಗೊತ್ತೇ ಇಲ್ಲ ಅಂತ ಇರಬೇಕಾದ ಪ್ರಸಂಗ ಬಂತು. ಅದನ್ನೇ ಈಗ ಹೇಳಹೊರಟಿರುವುದು.

ಮಂಜುಳ ನನ್ನ ಮಗನ ಮಗಳು. ಮಗ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಆದರೆ ಹುಡುಗಿ ಬೆಳೆದದ್ದು ಹೆಚ್ಚಾಗಿ ನಮ್ಮ ಮಗ್ಗದ ಪಕ್ಕದಲ್ಲೇ. ಉಣ್ಣೆ ಗುಡ್ಡೆಯ ಮೇಲೆ ಬಿದ್ದುಕೊಂಡೇ ಮಗ್ಗಿ ಕಲಿತವಳು. ನನ್ನದು ಮೂರನೇ ಕ್ಲಾಸು. ಅವಳು ನನ್ನ ಓದನ್ನು ಒಂಬತ್ತನೇ ವಯಸ್ಸಿಗೇ ದಾಟಿಹೋದಳು. ಆಮೇಲೆ ದಾವಣಗೆರೆಯಲ್ಲಿ ಓದಿದಳು, ಆಮೇಲೆ ಸಮುದ್ರದ ಜೀವಿಗಳ ಬಗ್ಗೆ ಇನ್ನೂ ಏನೋ ಓದಿದಳು. ನಮ್ಮ ಕಡೆ ಹುಡುಗಿ ಕುರಿ ಬಗ್ಗೆ ಓದಿದ್ದರೆ ಅರ್ಥವಾಗುತ್ತಿತ್ತು, ಕಡಲೇಕಾಯಿ ಬಗ್ಗೆ ಓದಿದ್ದರೂ ಆಗುತ್ತಿತ್ತು. ಮೀನು, ಆಮೆ ಅಂದಾಗ ನನ್ನ ಹೆಂಡತಿ ಬೋರಮ್ಮ, "ಅದನ್ನ ಓದೋಕೆ ಮೊದ್ಲು ನೀರು ಬೇಕಲ್ಲೇ" ಅಂದಳು. ನೀರಿದ್ದ ಕಡೆಗೇ ಹೋದಳು. ಕಾರವಾರದ ಕಡೆ ಗಾಯಗೊಂಡ ಕಡಲಾಮೆಗಳನ್ನು ತಂದು ವಾಸಿಮಾಡಿ ಮತ್ತೆ ಸಮುದ್ರಕ್ಕೆ ಬಿಡುವ ಒಂದು ಆರೈಕೆ ಕೇಂದ್ರವಂತೆ, ಅಲ್ಲಿ ಸೇರಿದಳು. ಆಮೆಗೆ ಆಸ್ಪತ್ರೆ! ಇದನ್ನು ಚಳ್ಳಕೆರೆ ಸಂತೆಯಲ್ಲಿ ಒಬ್ಬರೂ ನಂಬಲಿಲ್ಲ. ಹೇಳಿದ್ದು ನಾನು ಎಂಬುದೂ ಅದಕ್ಕೆ ಒಂದು ಕಾರಣ.

ಒಂದು ದಿನ ನಮ್ಮೂರ ಎಸ್‌ಟಿಡಿ ಬೂತಿಗೆ ಫೋನು ಬಂತು. ಅವಳ ಕೇಂದ್ರದವರು ಜನಕ್ಕೆ ಒಂದು ದಿನದ ಪ್ರವಾಸ ಶುರುಮಾಡಿದ್ದರಂತೆ. ಬೆಳಿಗ್ಗೆ ಆಮೆಗಳನ್ನು ತೋರಿಸುವುದು, ಆಮೇಲೆ ದೋಣಿಯಲ್ಲಿ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗುವುದು, ವಾಸಿಯಾದ ಆಮೆ ಇದ್ದರೆ ಅಲ್ಲೇ ಎಲ್ಲರ ಎದುರಿಗೆ ಬಿಡುವುದು, ಸಾಯಂಕಾಲ ವಾಪಸ್. ಇದಕ್ಕೆ ಗೈಡು ನಮ್ಮ ಮಂಜುಳ. ಆದರೆ ಕೆಲಸ ಇನ್ನೂ ಗಟ್ಟಿಯಾಗಿಲ್ಲ. ಬರುವ ಭಾನುವಾರ ಕೇಂದ್ರ ನೋಡಿಕೊಳ್ಳುವ ಮೇಡಂ ಜೊತೆಯಲ್ಲೇ ಬಂದು, ಹಿಂದೆ ಕೂತು, ಪುಸ್ತಕದಲ್ಲಿ ಬರೆದುಕೊಂಡು, ಇವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅಂತ ತೀರ್ಮಾನ ಮಾಡುತ್ತಾರೆ.

"ಭಾನುವಾರ ತಾನೆ? ಬರ್ತೀವಿ" ಅಂದೆ.

"ತಾತಾ, ಬರಬೇಡಿ ಅಂತ ಹೇಳೋಕೇ ಫೋನ್ ಮಾಡಿದ್ದು" ಅಂದಳು.

ವಿಷಯ ಏನೆಂದರೆ, ಇವಳಿಗಿಂತ ಮುಂಚೆ ಇದ್ದ ಗೈಡಮ್ಮ ಪರೀಕ್ಷೆಯ ದಿನ ಮನೆಮಂದಿಯನ್ನೆಲ್ಲಾ ಕಟ್ಟಿಕೊಂಡು ಬಂದಿದ್ದಳಂತೆ. ಆಮೆಯ ವಿಷಯ ಹೇಳುತ್ತಿದ್ದವಳು ನಡುವೆಯೇ ಬಿಟ್ಟು ಅಕ್ಕನ ಮಗನ ಚಪ್ಪಲಿ ಹುಡುಕಲು ಹೋದಳಂತೆ. ಅವತ್ತಿನಿಂದ ಮೇಡಂಗೆ ಗೈಡುಗಳ ನೆಂಟರೆಂದರೆ ಆಗುವುದಿಲ್ಲ. ನಾನು ಫೋನಿನಲ್ಲಿ ಸ್ವಲ್ಪ ಹೊತ್ತು ಉಸಿರು ಬಿಟ್ಟೆ. ಮಾತಾಡಲಿಲ್ಲ, ಬರೀ ಉಸಿರು. ಅದು ಹುಡುಗಿಗೆ ತಡೆಯದು ಅಂತ ನನಗೆ ಗೊತ್ತು.

"ಆಯ್ತು ಬನ್ನಿ" ಅಂದಳು. "ಆದ್ರೆ ಅವತ್ತು ನಾನು ನಿಮಗೆ ಯಾರೂ ಅಲ್ಲ. ಮಂಜಿ ಅನ್ನೋ ಹಾಗಿಲ್ಲ. ನಂಗೆ ಏನೂ ತಿನ್ನಿಸೋ ಹಾಗಿಲ್ಲ. ಯಾರ ಹತ್ರಾನೂ ಹೇಳೋ ಹಾಗಿಲ್ಲ. ತಾತಾ, ಈ ಕೆಲಸ ನಂಗೆ ಬೇಕು."

ಕೊನೆಯ ಮಾತನ್ನು ಅವಳು ಹೇಳಿದ ರೀತಿಗೆ ನಾನು ಬೂತಿನಲ್ಲೇ ತಲೆ ಆಡಿಸಿದೆ. ತಲೆ ಆಡಿಸಿದ್ದು ಫೋನಿಗೆ ಕೇಳಿಸುವುದಿಲ್ಲ ಅಂತ ಬೂತಿನವನು ಹೇಳಿದ ಮೇಲೆ ಹೂಂ ಅಂದೆ.

ಮನೆಗೆ ಬಂದರೆ ಬೋರಮ್ಮ ನನ್ನ ಹೂಂ ಅನ್ನು ನಂಬಲಿಲ್ಲ. ಮಗ್ಗ ಮುಟ್ಟಿ ಆಣೆ ಮಾಡು ಅಂದಳು. ಕಂಬಳಿ ನೇಯುವವನು ಮಗ್ಗ ಮುಟ್ಟಿ ಸುಳ್ಳು ಹೇಳಿದರೆ ಎಳೆ ಕೂಡುವುದಿಲ್ಲ ಅಂತ ನಮ್ಮಲ್ಲಿ ಹಿರಿಯರ ಮಾತು. ಮುಟ್ಟಿದೆ. "ನನ್ನ ಹೆಸರೂ ಬದಲಾಯಿಸಿಕೊಳ್ಳಲಾ?" ಅಂತ ಕೇಳಿದೆ. "ಯಾಕೆ? ಕೆಂಚಪ್ಪ ಅಂದ್ರೆ ಕಾರವಾರದಲ್ಲಿ ಯಾರು ಬೆಚ್ಚಿಬೀಳ್ತಾರೆ?" ಅಂದಳು.

ಭಾನುವಾರ ಬೆಳಿಗ್ಗೆ ಬಸ್ಸಿನಿಂದ ಇಳಿದು, ಮುಖ ತೊಳೆದು, ಕೇಂದ್ರದ ಗೇಟಿಗೆ ಹೋದೆವು. ನಮ್ಮನ್ನೂ ಸೇರಿಸಿ ಹದಿನಾಲ್ಕು ಜನ. ಗೇಟಿನಲ್ಲಿ ನೀಲಿ ಅಂಗಿ, ತಲೆಗೆ ಟೋಪಿ, ಕೊರಳಲ್ಲಿ ಸೀಟಿ ಹಾಕಿಕೊಂಡು ಮಂಜುಳ ನಿಂತಿದ್ದಳು. ಸೀಟಿ! ನಮ್ಮ ವಂಶದಲ್ಲಿ ಕೊರಳಿಗೆ ಸೀಟಿ ಹಾಕಿದವರು ಯಾರೂ ಇಲ್ಲ. ನನ್ನ ಎದೆಯೊಳಗಿಂದ ಏನೋ ಮೇಲಕ್ಕೆ ಬಂತು. ಬೋರಮ್ಮ ನನ್ನ ಕಾಲಿನ ಹೆಬ್ಬೆರಳನ್ನು ತನ್ನ ಹಿಮ್ಮಡಿಯಿಂದ ಮೆಟ್ಟಿದಳು. ಬಂದದ್ದು ಹಾಗೇ ಕೆಳಗಿಳಿಯಿತು.

"ಬನ್ನಿ ಯಜಮಾನ್ರೇ, ಯಾವ ಊರಿಂದ ಬಂದ್ರಿ?" ಅಂತ ಮಂಜುಳ ಕೇಳಿದಳು. ಆಡಿಸಿ ಬೆಳೆಸಿದ ಮಗು ಯಾವ ಊರು ಅಂತ ಕೇಳುತ್ತಿದೆ! ನನಗೆ ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡು, "ಬಿ.ಜಿ. ಕೆರೆ, ಮೊಳಕಾಲ್ಮೂರು ತಾಲ್ಲೂಕು" ಅಂದೆ. ಅವಳ ಹಿಂದೆ ದಪ್ಪ ಪುಸ್ತಕ ಹಿಡಿದುಕೊಂಡು ನಿಂತಿದ್ದ ಮೇಡಂ ತಲೆ ಎತ್ತಿ, "ಮಂಜುಳಾ, ನಿಮ್ಮ ಕಡೆಯವರೇ ಅಲ್ವಾ?" ಅಂದರು. "ಹೌದು ಮೇಡಂ, ಆ ಕಡೆ ಜನ ಪ್ರವಾಸಕ್ಕೆ ಬರೋದೇ ಅಪರೂಪ" ಅಂದಳು ಹುಡುಗಿ, ರೆಪ್ಪೆ ಅಲುಗಿಸದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಓದು ಅಂದರೆ ಇದು.

ನಾನು ಹೆದರಿದ್ದು ಬೋರಮ್ಮನ ಬಗ್ಗೆ. ನೋಡಿದರೆ ಅವಳು ನನಗಿಂತ ನೂರು ಪಾಲು ಮೇಲು. ಮಂಜುಳಳನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದ ಹೆಂಗಸಿಗೆ, "ಯಾರ ಮಗಳೋ ಏನೋ ಪಾಪ, ಹೊತ್ತಿಗೆ ಸರಿಯಾಗಿ ಉಣ್ಣಲ್ಲ ಅಂತ ಕಾಣ್ತೈತೆ, ಕತ್ತಿನ ಮೂಳೆ ನೋಡ್ರಿ" ಅಂದಳು. ಮಂಜುಳ ಕಾಲರನ್ನು ಮೇಲಕ್ಕೆಳೆದುಕೊಂಡಳು.

ಒಳಗೆ ನೀಲಿ ಬಣ್ಣದ ದೊಡ್ಡ ದೊಡ್ಡ ತೊಟ್ಟಿಗಳು. ಒಂದರಲ್ಲಿ ಬಲೆಗೆ ಸಿಕ್ಕಿ ಒಂದು ಮುಂಗಾಲು ಕಳೆದುಕೊಂಡ ಆಮೆ. ಮೂರೇ ಕಾಲಿನಲ್ಲಿ ಎಷ್ಟು ನೆಟ್ಟಗೆ ಈಜುತ್ತಿತ್ತೆಂದರೆ, ನಾಲ್ಕನೆಯದು ಯಾಕೆ ಇತ್ತೋ ಅನ್ನಿಸುವ ಹಾಗೆ. ಇನ್ನೊಂದು ಹೊಟ್ಟೆಯಲ್ಲಿ ಗಾಳಿ ತುಂಬಿ ಮುಳುಗಲಾರದೆ ಓರೆಯಾಗಿ ತೇಲುತ್ತಿತ್ತು. ನಮ್ಮ ಕಡೆ ಹಸೀ ಮೇವು ತಿಂದ ಕುರಿಗೆ ಹೀಗೇ ಹೊಟ್ಟೆ ಉಬ್ಬರ ಬರುತ್ತದೆ. ಕಡಲೇಕಾಯಿ ಎಣ್ಣೆ ಕುಡಿಸುತ್ತೇವೆ. ಹೇಳೋಣ ಅಂತ ಬಾಯಿ ತೆರೆದೆ. ಹೆಬ್ಬೆರಳು ನೆನಪಾಗಿ ಮುಚ್ಚಿದೆ. ಮಂಜುಳ ಪ್ರತಿಯೊಂದನ್ನೂ ವಿವರಿಸುತ್ತಿದ್ದಳು. ಯಾವುದು ಎಲ್ಲಿ ಸಿಕ್ಕಿತು, ಹೊಟ್ಟೆಯಲ್ಲಿ ಎಷ್ಟು ಪ್ಲಾಸ್ಟಿಕ್ ಇತ್ತು, ಯಾವಾಗ ಬಿಡುವುದು. ಗುಂಪಿನಲ್ಲಿ ಕನ್ನಡಕ ಹಾಕಿದ ಒಬ್ಬರು ಇದ್ದರು. ಅವರದು ಬರೀ ಪ್ರಶ್ನೆ. ಆಮೆಗೆ ಕಿವಿ ಇದೆಯೇ, ಆಮೆ ನಿದ್ದೆ ಮಾಡುತ್ತದೆಯೇ, ಹಾಗಾದರೆ ಕನಸು ಕಾಣುತ್ತದೆಯೇ. ಉತ್ತರ ಬೇಕಾಗಿ ಕೇಳುವವರ ಮುಖ ಬೇರೆ, ಸೋಲಿಸಲು ಕೇಳುವವರ ಮುಖ ಬೇರೆ. ಇವರದು ಎರಡನೆಯದು. ಮಂಜುಳ ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು. ಕನಸಿನ ಪ್ರಶ್ನೆಗೆ, "ಅದು ನಂಗೆ ಗೊತ್ತಿಲ್ಲ ಸರ್, ಯಾವ ಆಮೆಯೂ ಇನ್ನೂ ಹೇಳಿಲ್ಲ" ಅಂದಳು. ಎಲ್ಲರೂ ನಕ್ಕರು. ನಾನು ಒಂದು ಕ್ಷಣ ಹೆಚ್ಚಾಗಿ ನಕ್ಕೆ. ಮೇಡಂ ನನ್ನ ಕಡೆ ನೋಡಿದರು.

ಕೊನೆಯ ತೊಟ್ಟಿಯ ಪಕ್ಕ, ನೆಲದ ಮೇಲೆ, ಅವತ್ತು ಬಿಡಬೇಕಾದ ಆಮೆಯನ್ನು ಇಟ್ಟಿದ್ದರು. ಎರಡು ಮೊಳ ಉದ್ದ. ಚಿಪ್ಪು ಒಣಗದ ಹಾಗೆ ಒದ್ದೆ ಬಟ್ಟೆ ಹೊದಿಸಿದ್ದರು. ನಾನು ಮೊದಲು ಆಮೆಯನ್ನು ನೋಡಿದೆ. ಆಮೇಲೆ ಬಟ್ಟೆಯನ್ನು ನೋಡಿದೆ. ಬಟ್ಟೆ ಅಲ್ಲ ಅದು, ಕಂಬಳಿ. ಕರಿ ಕಂಬಳಿ, ಬಿಳಿ ಅಂಚು. ಅಂಚಿನಲ್ಲಿ ಮೂರು ಗೆರೆ. ಬಗ್ಗಿ ನೋಡಿದೆ. ಮೂಲೆಯ ಬಿಳಿ ಗೆರೆಯೊಳಗೆ ಒಂದೇ ಒಂದು ಕರೀ ಎಳೆ.

ನಮ್ಮಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಒಂದು ರೂಢಿ. ಪ್ರತಿ ಕಂಬಳಿಯ ಮೂಲೆಯಲ್ಲಿ ಬಿಳಿ ಅಂಚಿಗೆ ಬೇಕೆಂತಲೇ ಒಂದು ಕರೀ ಎಳೆ ತಪ್ಪಿಸಿ ಹಾಕುತ್ತೇವೆ. ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟಂತೆ, ದೃಷ್ಟಿ ಆಗದಿರಲಿ ಅಂತ. ಅಂದರೆ ಇದು ನನ್ನ ಕಂಬಳಿ. ಮಂಜುಳ ಹಾಸ್ಟೆಲ್ಲಿಗೆ ಹೋಗುವಾಗ, ಅಲ್ಲಿ ಹುಡುಗಿಗೆ ಚಳಿಯಾದೀತೆಂದು, ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನೇ ಆರಿಸಿ, ಎಳೆ ಗಟ್ಟಿಯಾಗಲೆಂದು ಹುಣಸೆ ಬೀಜದ ಸರಿ ಹಚ್ಚಿ, ಹಗಲೆಲ್ಲಾ ಕೂತು ನೇಯ್ದ ಕಂಬಳಿ. ಅದು ಈಗ ಆಮೆಯ ಮೇಲೆ! ಅದೂ ಚಳಿಯೇ ಆಗದ ಪ್ರಾಣಿಯ ಮೇಲೆ! ಅದೂ ಉಪ್ಪು ನೀರಿನಲ್ಲಿ ಅದ್ದಿ!

ಬೋರಮ್ಮನೂ ನೋಡಿದಳು. ನನ್ನ ಮುಖ ನೋಡಿದಳು. ಕಾಲು ಮೆಟ್ಟಲಿಲ್ಲ. ಈ ಸಲ ನನ್ನ ಕೈ ಹಿಡಿದುಕೊಂಡಳು.

ಮಂಜುಳ ಆ ಕಂಬಳಿಯ ಮೂಲೆ ಸರಿಪಡಿಸುತ್ತಾ, ನನ್ನ ಕಡೆ ನೋಡದೆ, ಎಲ್ಲರಿಗೂ ಹೇಳಿದಳು: "ದೋಣೀಲಿ ಹೋಗೋವಾಗ ಚಿಪ್ಪು ಒಣಗಬಾರದು. ನಾವು ಗೋಣಿಚೀಲ ನೋಡಿದ್ವಿ, ಬೆಡ್‌ಶೀಟ್ ನೋಡಿದ್ವಿ, ಟವಲ್ ನೋಡಿದ್ವಿ. ಬಿಸಿಲಿಗೆ ಎಲ್ಲಾ ಬೇಗ ಒಣಗ್ತಾವೆ. ಇದೊಂದೇ ನೀರು ಹಿಡಿದುಕೊಳ್ಳೋದು. ಕೈ ಮಗ್ಗದ ಉಣ್ಣೆ ಕಂಬಳಿ. ಎಷ್ಟೋ ಆಮೆ ಇದರ ಕೆಳಗೆ ಕೂತೇ ಸಮುದ್ರ ಸೇರಿದಾವೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅದು ಖಾಲಿ ಮಾಡಿದ ಜಾಗಕ್ಕೆ ಸಂತೋಷ ಬಂದು ಒಕ್ಕರಿಸಿತು. ಇನ್ನೇನು, ಹೇಗೋ ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕನ್ನಡಕದವರು ಎರಡು ಬೆರಳಿನಲ್ಲಿ ಅಂಚನ್ನು ಎತ್ತಿ ನೋಡಿ, "ಕೈ ಮಗ್ಗ ಅಂತೆ! ಇಷ್ಟು ಒಂದೇ ಸಮ ಇರೋದು ಮಿಲ್ಲಿಂದೇ ಕಣ್ರಿ" ಅಂದರು.

ಮಗ್ಗ ಮುಟ್ಟಿ ಮಾಡಿದ ಆಣೆಯಲ್ಲಿ ಮೊಮ್ಮಗಳ ಬಗ್ಗೆ ಇತ್ತು. ಕಂಬಳಿಯ ಬಗ್ಗೆ ಏನೂ ಇರಲಿಲ್ಲ.

"ಮಿಲ್ಲಿಂದಾ? ರೀ ಸ್ವಾಮೀ, ಮೂಗಿಗೆ ಹಿಡೀರಿ ಅದನ್ನ! ಮಿಲ್ಲಿನ ಕಂಬಳಿಗೆ ಕುರಿ ವಾಸನೆ ಎಲ್ಲಿಂದ ಬರ್ಬೇಕು? ಹಿಂಬದಿ ತಿರುವಿ ನೋಡ್ರಿ, ಗಂಟು ಕಾಣ್ತಾವಲ್ಲ, ಅವು ಮನುಷ್ಯನ ಬೆರಳು ಹಾಕಿದ ಗಂಟು. ಒಂದೇ ಸಮ ಐತೆ ಅಂದ್ರೆ ಮಿಲ್ಲು ಅಂತೀರಲ್ಲ, ನಲವತ್ತು ವರ್ಷ ಗುಂಡಿಯೊಳಗೆ ಕೂತ್ರೆ ನಿಮ್ಮ ಕೈಯೂ ಒಂದೇ ಸಮ ಬರ್ತೈತೆ!"

ತೊಟ್ಟಿಯೊಳಗಿನ ಆಮೆಗಳೂ ನಿಂತವು ಅನ್ನಿಸಿತು. ಮಂಜುಳಳ ಮುಖ ಬಿಳಿಚಿಕೊಂಡಿತು. ಮೇಡಂ ಪುಸ್ತಕ ಕೆಳಗಿಳಿಸಿ, "ಯಜಮಾನ್ರಿಗೆ ಇಷ್ಟೆಲ್ಲಾ ಹೇಗೆ ಗೊತ್ತು?" ಅಂದರು.

ಬೋರಮ್ಮ ಮುಂದೆ ಬಂದಳು. "ಇವ್ರೂ ನೇಕಾರ್ರೇ ಕಣವ್ವಾ. ದಾರೀಲಿ ಯಾರು ಕಂಬಳಿ ಹೊದ್ದಿದ್ರೂ ಹೀಗೇ ಜಗಳಕ್ಕೆ ಹೋಗ್ತಾರೆ" ಅಂದಳು. ಮೇಡಂ ನಕ್ಕು ಏನೋ ಬರೆದುಕೊಂಡರು. ಕನ್ನಡಕದವರು ಮೂಗಿಗೆ ಹಿಡಿದು ನೋಡಿ, ಸೀನಿ, ಒಪ್ಪಿಕೊಂಡರು.

ದೋಣಿ ಹತ್ತುವ ಮೊದಲು ಇನ್ನೊಂದು ಪ್ರಕರಣ. ಬೋರಮ್ಮ ಮೊಮ್ಮಗಳಿಗೆಂದು ಶೇಂಗಾ ಉಂಡೆ ಕಟ್ಟಿಕೊಂಡು ಬಂದಿದ್ದಳು. ತಿನ್ನಿಸುವ ಹಾಗಿಲ್ಲ ಎಂದು ಹುಡುಗಿ ಹೇಳಿಬಿಟ್ಟಿದ್ದಾಳಲ್ಲ, ಏನು ಮಾಡುವುದು? ಬೋರಮ್ಮ ಯೋಚಿಸಿ ಕಂಡುಕೊಂಡ ದಾರಿ ಇದು: ಡಬ್ಬಿ ಬಿಚ್ಚಿ ಹದಿನಾಲ್ಕು ಜನಕ್ಕೂ, ದೋಣಿಯವನಿಗೂ, ಮೇಡಂಗೂ ಹಂಚುತ್ತಾ ಹೋಗಿ, ಎಲ್ಲರಂತೆ ಗೈಡಮ್ಮನಿಗೂ ಒಂದು. ಗೈಡಮ್ಮನಿಗೆ ಕೊಟ್ಟ ಉಂಡೆ ಮಾತ್ರ ತೆಂಗಿನಕಾಯಿಯ ಗಾತ್ರ ಇತ್ತು. ಒಬ್ಬಳ ಬಾಯಿ ಸಿಹಿ ಮಾಡಲು ಊರನ್ನೇ ಸಿಹಿ ಮಾಡಿದ ಹಾಗಾಯಿತು. "ಥ್ಯಾಂಕ್ಸ್ ಅಜ್ಜೀ" ಅಂದಳು ಮಂಜುಳ. ಬೋರಮ್ಮನನ್ನು ಅಲ್ಲಿ ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತಿದ್ದುದರಿಂದ ಅದಕ್ಕೆ ದೋಷವಿರಲಿಲ್ಲ. ನನ್ನನ್ನು ಮಾತ್ರ ಎಲ್ಲರೂ ಯಜಮಾನ್ರೇ ಅನ್ನುತ್ತಿದ್ದರು. ಬೆಳಗಿನಿಂದ ತಾತ ಅನ್ನಿಸಿಕೊಳ್ಳದೆ ನನ್ನ ಕಿವಿ ಹಸಿದಿತ್ತು. ಆ ಹೊಟ್ಟೆಕಿಚ್ಚಿಗೆ ನಾಲ್ಕು ಉಂಡೆ ತಿಂದೆ.

ತಿನ್ನಬಾರದಾಗಿತ್ತು. ಸಮುದ್ರ ದಡದಿಂದ ನೋಡಲು ಚೆಂದ, ಮಗ್ಗದ ಲಾಳಿಯಂತೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ. ದೋಣಿಯಲ್ಲಿ ಕೂತ ಮೇಲೆ ಗೊತ್ತಾಯಿತು, ಇಲ್ಲಿ ಲಾಳಿ ನಾನೇ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಲ್ಕೂ ಉಂಡೆಗಳನ್ನು ಅರಬ್ಬೀ ಸಮುದ್ರಕ್ಕೆ ಒಪ್ಪಿಸಿದೆ. "ಮೀನಿಗೂ ಶೇಂಗಾ ಉಂಡೆ ಹಂಚಿದ್ಯಾ?" ಅಂದಳು ಬೋರಮ್ಮ. ಮಂಜುಳ ಎದ್ದು ನಿಂತಳು. ಕೈಯಲ್ಲಿ ನಿಂಬೆಹಣ್ಣಿನ ಹೋಳುಗಳು. ನನ್ನನ್ನು ನೋಡಿದಳು. ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಹಿಂದೆ ಕೂತಿದ್ದ ಮೇಡಂ ಕಡೆಗೆ ಅವಳ ಕಣ್ಣು ಹೋಯಿತು. ತಿರುಗಿ, ಸುಮ್ಮನೆ ಕೂತಿದ್ದ ಕನ್ನಡಕದವರಿಗೆ ಮೊದಲ ಹೋಳು ಕೊಟ್ಟಳು. ಆಮೇಲೆ ಸಾಲಾಗಿ ಎಲ್ಲರಿಗೂ ಕೊಡುತ್ತಾ ಬಂದು, ಕೊನೆಗೆ ಉಳಿದ ಒಣಕಲು ಹೋಳು ನನಗೆ. ನಮ್ಮಪ್ಪನಾಣೆ, ನನಗೆ ಬೇಜಾರಾಗಲಿಲ್ಲ. ನನ್ನ ಹುಡುಗಿ ಎಷ್ಟು ಗಟ್ಟಿ ಅಂತ ಹೆಮ್ಮೆಯೇ ಆಯಿತು. ಸ್ವಲ್ಪ ಬೇಜಾರೂ ಆಯಿತು.

ದ್ವೀಪ ಅಂದರೆ ನಾನು ಏನೋ ಅಂದುಕೊಂಡಿದ್ದೆ. ಹತ್ತಿರ ಹೋದರೆ ನಮ್ಮ ಬ್ರಹ್ಮಗಿರಿ ಗುಡ್ಡವನ್ನೇ ಕಿತ್ತು ನೀರಿನಲ್ಲಿ ಇಟ್ಟ ಹಾಗೆ ಬಂಡೆಯ ಮೇಲೆ ಬಂಡೆ. ಆದರೆ ಇಲ್ಲಿಯ ಬಂಡೆಗಳಿಗೆ ದಿನಕ್ಕೆರಡು ಸಲ ಸ್ನಾನ. ಮೇಲೆ ಹಸಿರು, ಕೆಳಗೆ ರವೆಯಂಥ ಮರಳು, ಬಿಳಿ ಕೊರಳಿನ ಗರುಡಗಳು ತಲೆಯ ಮೇಲೆ ಸುತ್ತುತ್ತಿದ್ದವು. ನಮ್ಮ ಕಡೆಯ ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲು ಹತ್ತಿ ಹತ್ತಿ ಗಟ್ಟಿಯಾದ ಕಾಲು ಅಂತ ಬೋರಮ್ಮ ಎಲ್ಲರಿಗಿಂತ ಮುಂದೆ ಬಂಡೆ ಹತ್ತಿ ಕೂತಳು. ಅಲ್ಲಿಂದ, "ಇಷ್ಟು ಉಪ್ಪು ಇಟ್ಕೊಂಡು ಈ ಜನ ಊಟಕ್ಕೆ ಖಾರಾನೇ ಹಾಕಲ್ವಲ್ಲ" ಅಂತ ಬೆಳಗಿನ ತಿಂಡಿಯ ಮೇಲಿನ ತೀರ್ಪನ್ನು ಸಮುದ್ರಕ್ಕೆ ತಿಳಿಸಿದಳು.

ಆಮೆಯನ್ನು ಮರಳಿಗೆ ಇಳಿಸಿದರು. ಮಂಜುಳ ಎಲ್ಲರನ್ನೂ ಒಂದು ಗೆರೆಯ ಹಿಂದೆ ನಿಲ್ಲಿಸಿ, ಮಾತು ಬೇಡ ಅಂತ ತುಟಿಗೆ ಬೆರಳಿಟ್ಟಳು. ಕಂಬಳಿಯನ್ನು ಮೆಲ್ಲಗೆ ತೆಗೆದಳು. ಆಮೆ ಅಲ್ಲೇ ಇತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕತ್ತು ಚಾಚಿತು. ಒಂದು ಸಲ ಮರಳು ತಳ್ಳಿತು. ನಿಂತಿತು. ಇನ್ನೊಂದು ಸಲ. ನಾನು ಇಲ್ಲಿ ನಿಂತೇ ಅದರ ಜೊತೆ ಭುಜ ಆಡಿಸುತ್ತಿದ್ದೆನಂತೆ, ಬೋರಮ್ಮ ಆಮೇಲೆ ಹೇಳಿದಳು. ಒಂದು ಅಲೆ ಬಂದು ಅದರ ಮೂತಿ ಮುಟ್ಟಿತು. ಎರಡನೆಯದು ಬಂದು ಎತ್ತಿಕೊಂಡೇ ಹೋಯಿತು. ಅಷ್ಟೇ. ಒಂದು ಸಲವೂ ತಿರುಗಿ ನೋಡಲಿಲ್ಲ. ಮೂರು ತಿಂಗಳು ಮೀನು ತಿನ್ನಿಸಿದವಳು ಅಲ್ಲೇ ನಿಂತಿದ್ದಾಳೆ, ಕಂಬಳಿ ಕೊಟ್ಟವನು ಅಲ್ಲೇ ನಿಂತಿದ್ದಾನೆ, ಯಾರೂ ಅದರ ಲೆಕ್ಕಕ್ಕಿಲ್ಲ. ನಮ್ಮ ಕುರಿಯಾದರೆ ಸಂತೆಯಲ್ಲಿ ಮಾರಿದರೂ ಎರಡು ಸಲ ಕೂಗಿ ಹೋಗುತ್ತದೆ. ಮಂಜುಳ ಕಂಬಳಿ ಹಿಂಡಿ, ಕೊಡವಿ, ಉದ್ದಕ್ಕೆ ಮಡಿಚಿ ಎಡ ಹೆಗಲಿಗೆ ಹಾಕಿಕೊಂಡಳು. ನಾನು ಹಾಕಿಕೊಳ್ಳುವುದೂ ಹಾಗೇ. ಅದು ಅವಳಿಗೂ ಆಗಲೇ ಹೊಳೆಯಿತೋ ಏನೋ, ನನ್ನ ಕಡೆ ನೋಡಿ ಕೆಳತುಟಿ ಕಚ್ಚಿಕೊಂಡಳು. ನಾನು ಆಕಾಶ ನೋಡಿದೆ. ಗರುಡಗಳು ಚೆನ್ನಾಗಿದ್ದವು.

ಸಾಯಂಕಾಲ ಕೇಂದ್ರಕ್ಕೆ ವಾಪಸ್ ಬಂದೆವು. ಗೆದ್ದೆವು ಅಂತಲೇ ಅಂದುಕೊಂಡೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇಡಂ ಒಂದು ಉದ್ದನೆಯ ಪುಸ್ತಕ ತಂದು ಮೇಜಿನ ಮೇಲಿಟ್ಟು, "ಎಲ್ಲರೂ ನಿಮ್ಮ ಅಭಿಪ್ರಾಯ ಬರೀಬೇಕು, ಗೈಡ್ ಹೇಗಿದ್ರು ಅಂತ" ಅಂದರು. ಕನ್ನಡಕದವರು ಒಂದು ಪುಟ ತುಂಬಾ ಬರೆದರು. ನನ್ನ ಸರದಿ ಬಂತು.

ಮೂರನೇ ಕ್ಲಾಸಿನವನು ನಾನು. ಬರೆಯುವುದು ಅಂದರೆ ನನಗೆ ಒಂದೇ. ಮಂಜುಳ ಹಾಸ್ಟೆಲ್ಲಿಗೆ ಹೋದಾಗಿನಿಂದ ತಿಂಗಳಿಗೆರಡು ಇನ್‌ಲ್ಯಾಂಡ್ ಲೆಟರ್. ಅದು ಬಿಟ್ಟು ಪೆನ್ನು ಹಿಡಿದವನಲ್ಲ. ಆದರೂ ಅವತ್ತು ತುಂಬಾ ಹುಷಾರಾಗಿ, ಪೂರಾ ಪರಕೀಯನಂತೆ ಬರೆದೆ. ಗೈಡಮ್ಮನವರು ಚೆನ್ನಾಗಿ ತಿಳಿಸಿ ಹೇಳಿದರು. ಆಮೆ ಸಮುದ್ರಕ್ಕೆ ಕ್ಷೇಮವಾಗಿ ತಲುಪಿತು. ದ್ವೀಪ ನೋಡಲು ಚೆನ್ನಾಗಿದೆ. ದೋಣಿ ಸ್ವಲ್ಪ ಅಲ್ಲಾಡುವುದನ್ನು ಕಮ್ಮಿ ಮಾಡಬೇಕು. ಬರೆದು, ಓದಿ, ಒಂದು ತಪ್ಪೂ ಇಲ್ಲ ಅಂತ ಬೀಗಿ, ಇನ್ನೆರಡು ಸಾಲು ಬರೆದು ಮುಗಿಸಿ ಮೇಡಂ ಕೈಗೆ ಕೊಟ್ಟೆ.

ಅವರು ಎಲ್ಲರ ಎದುರಿಗೆ ಗಟ್ಟಿಯಾಗಿ ಓದತೊಡಗಿದರು. ಗೈಡಮ್ಮನವರು ಚೆನ್ನಾಗಿ ಹೇಳಿದ್ದು ಬಂತು, ಆಮೆ ಬಂತು, ದ್ವೀಪ ಬಂತು, ದೋಣಿಗೆ ಎಲ್ಲರೂ ನಕ್ಕರು. ಆಮೇಲೆ ಅವರ ದನಿ ನಿಧಾನವಾಯಿತು.

"ಮೈ ಕಡೆ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿ ಕೇಳಿದೆ ಅಂತ ಹೇಳಿದ್ದಾಳೆ. ಇಂತಿ ನಿನ್ನ ತಾತ, ಕೆಂಚಪ್ಪ."

ಮಂಜುಳ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಳು. ಬೋರಮ್ಮ ಹಣೆ ಹಣೆ ಬಡಿದುಕೊಂಡು, "ಬೆಳಗಿಂದ ಈ ಮುದುಕನ ಬಾಯಿ ಕಾದೆ. ಕೈ ಕಾಯೋದು ಮರೆತುಬಿಟ್ನಲ್ಲೇ!" ಅಂದಳು.

"ಯಜಮಾನ್ರೇ" ಅಂದರು ಮೇಡಂ, "ನೀವು ಹೋದ ಕಡೆಯೆಲ್ಲಾ ಗೈಡುಗಳಿಗೆ ಹೀಗೇ ಬರೀತೀರಾ?"

ನನಗೆ ಕಾಲಿನ ಕೆಳಗೆ ಮತ್ತೆ ದೋಣಿ ಬಂದ ಹಾಗಾಯಿತು. "ಅವ್ವಾ, ತಪ್ಪು ನಂದು" ಅಂದೆ. "ಹುಡುಗಿ ಬರಬೇಡಿ ಅಂತಾನೇ ಹೇಳಿದ್ಲು. ಬೆಳಗಿಂದ ನಮ್ಮನ್ನ ಕಣ್ಣೆತ್ತಿ ನೋಡಿಲ್ಲ. ನಾನು ದೋಣೀಲಿ ಕರುಳು ಕಿತ್ತು ಬರೋ ಹಾಗೆ ವಾಂತಿ ಮಾಡಿಕೊಂಡ್ರೂ ನಿಂಬೆಹಣ್ಣು ಮೊದಲು ಈ ಸ್ವಾಮ್ಗಳಿಗೆ ಕೊಟ್ಟಳು. ಬೇಕಾದ್ರೆ ಅವರನ್ನೇ ಕೇಳ್ರಿ."

"ಹೌದು, ನಂಗೆ ಏನೂ ಆಗಿರ್ಲಿಲ್ಲ. ಯಾಕೆ ಕೊಟ್ರು ಅಂತ ನಾನೂ ಯೋಚನೆ ಮಾಡ್ತಿದ್ದೆ" ಅಂದರು ಕನ್ನಡಕದವರು. ಅವತ್ತು ಅವರಿಗೆ ಉತ್ತರ ಸಿಕ್ಕಿ ಸಮಾಧಾನವಾದ ಪ್ರಶ್ನೆ ಅದೊಂದೇ.

ಮೇಡಂ ತಮ್ಮ ದಪ್ಪ ಪುಸ್ತಕ ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು ಮಂಜುಳಳಿಗೆ ತೋರಿಸಿದರು. ಅವಳು ಓದಿದಳು. ಆಮೇಲೆ ನನಗೂ ಓದಿ ಹೇಳಿದಳು. ಇಡೀ ದಿನದಲ್ಲಿ ಅವರು ಇವಳ ಮೇಲೆ ಬರೆದುಕೊಂಡಿದ್ದ ತಪ್ಪು ಒಂದೇ: "ದೋಣಿಯಲ್ಲಿ ವಾಂತಿ ಮಾಡಿಕೊಂಡ ಹಿರಿಯರೊಬ್ಬರನ್ನು ಗೈಡ್ ಸರಿಯಾಗಿ ವಿಚಾರಿಸಲಿಲ್ಲ. ಮನಸ್ಸು ಸ್ವಲ್ಪ ಕಲ್ಲು."

"ಇದಕ್ಕೇ ನಾನು ಬೇಡ ಅಂತ ಯೋಚಿಸ್ತಿದ್ದೆ" ಅಂದರು ಮೇಡಂ. ಪೆನ್ನು ತೆಗೆದು ಆ ಸಾಲನ್ನು ಉದ್ದಕ್ಕೂ ಹೊಡೆದು ಹಾಕಿದರು. "ಇನ್ನು ಮೇಲೆ ಯಾರೇ ವಾಂತಿ ಮಾಡಿಕೊಳ್ಳಲಿ, ಸ್ವಂತ ತಾತನೇ ಆಗಿರಲಿ, ನಿಂಬೆಹಣ್ಣು ಮೊದಲು ಅವರಿಗೆ. ನಾಳೆಯಿಂದ ಕೆಲಸ ಪಕ್ಕಾ."

ಆಗ ಮಂಜುಳ "ತಾತಾ" ಅಂದಳು. ಒಂದೇ ಸಲ ಅಂದದ್ದು, ಬೆಳಗಿನಿಂದ ಬಾಕಿಯಿದ್ದದ್ದೆಲ್ಲಾ ಅದರಲ್ಲೇ ಬಂತು. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗುವ ತನಕ ನಾನು ಆ ಹನ್ನೆರಡು ಜನಕ್ಕೂ, ದೋಣಿಯವನಿಗೂ, ಗೇಟು ಕಾಯುವವನಿಗೂ, ಅವಳು ಹುಟ್ಟಿದಾಗ ಮೂರು ದಿನ ಕಣ್ಣು ಬಿಡದೆ ಇದ್ದದ್ದರಿಂದ ಶುರುಮಾಡಿ ಎಲ್ಲಾ ಹೇಳಿದೆ. ಕನ್ನಡಕದವರು ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಲು ಸಂದು ಸಿಕ್ಕರೆ ತಾನೆ.

ಹೋದ ತಿಂಗಳು ಅವಳ ಕಾಗದ ಬಂದಿತ್ತು. ಕೇಂದ್ರಕ್ಕೆ ಇನ್ನೂ ಆರು ಕಂಬಳಿ ಬೇಕಂತೆ. ನೇಯುತ್ತಿದ್ದೇನೆ. ಮೂಲೆಗೆ ಕರೀ ಎಳೆ ಹಾಕುವಾಗ ಬೋರಮ್ಮ, "ಆಮೆಗೆ ಯಾರ ದೃಷ್ಟಿ ತಾಕ್ತೈತಂತೆ?" ಅಂದಳು. ಯಾಕೆ, ಸಮುದ್ರದಲ್ಲಿ ಅಷ್ಟು ಮೀನುಗಳಿಲ್ಲವೇ, ಕಣ್ಣು ಮುಚ್ಚಲೂ ಬಾರದವು, ಅಂದೆ. ಕಾಗದದಲ್ಲಿ ಇನ್ನೊಂದು ಸುದ್ದಿಯೂ ಇತ್ತು. ಪ್ರವಾಸದ ಅರ್ಜಿಯಲ್ಲಿ ಈಗ ಹೊಸದಾಗಿ ಒಂದು ಸಾಲು ಸೇರಿಸಿದ್ದಾರಂತೆ: ನೀವು ಗೈಡಿನ ಸಂಬಂಧಿಕರೇ, ಹೌದು ಅಥವಾ ಇಲ್ಲ. ನನ್ನಿಂದಾಗಿ ಲೋಕದಲ್ಲಿ ಒಂದು ನಿಯಮ ಹುಟ್ಟಿತು ಅಂತ ಚಳ್ಳಕೆರೆ ಸಂತೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಇದನ್ನೂ ಅವರು ನಂಬಿಲ್ಲ.

ಆದ್ದರಿಂದಲೇ ಹೀಗೆ ಕೂತು ಬರೆದದ್ದು. ಬರೆದದ್ದನ್ನೆಲ್ಲಾ ಬೋರಮ್ಮನಿಗೆ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಎಲ್ಲಾ ಸರಿ, ಕೊನೇಲಿ ಏನು ಬರೆದಿದೀಯ ನೋಡ್ಕೊಂಡ್ಯಾ?" ಅಂದಳು. ನೋಡಿಕೊಂಡೆ. ಹೊಡೆದು ಹಾಕೋಣ ಅಂತ ಪೆನ್ನು ತೆಗೆದೆ. ಆಮೇಲೆ, ಇಷ್ಟು ದೂರ ಓದಿಕೊಂಡು ಬಂದವರು ಪೂರಾ ಪರಕೀಯರೇನಲ್ಲವಲ್ಲ ಅನ್ನಿಸಿ ಹಾಗೇ ಬಿಟ್ಟಿದ್ದೇನೆ.

ಮೈ ಕಡೆ ಜೋಪಾನ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಂತಿ ನಿನ್ನ ತಾತ, ಕೆಂಚಪ್ಪ.